ಸ್ವಂತ ಲ್ಯಾಬ್ ಸಿಗುವವರೆಗಿನ 13 ವರ್ಷ: ಮಾಲಿಕ್ಯುಲರ್ ಬಯಾಲಜಿಯ ದಾರಿ ಹಿಡಿದವರಿಗೆ

ಹೋದ ವಾರ ನನ್ನ ಕೈಗೆ ಒಂದು ಖಾಲಿ ಕೋಣೆಯ ಬೀಗದ ಕೈ ಬಂತು. ಒಳಗೆ ಎರಡು ಉದ್ದನೆಯ ಮೇಜು, ಒಂದು ಸಿಂಕ್, ಗೋಡೆಗೆ ಒತ್ತಿ ನಿಲ್ಲಿಸಿದ ಮೈನಸ್ 80 ಡಿಗ್ರಿಯ ಫ್ರೀಜರ್. ಅಷ್ಟೇ. ಫ್ರೀಜರ್‌ಗೆ ಇನ್ನೂ ಕರೆಂಟ್ ಕೊಟ್ಟಿರಲಿಲ್ಲ. ಬಾಗಿಲ ಮೇಲೆ ಮಾತ್ರ ನನ್ನ ಹೆಸರು ಅಂಟಿಸಿದ್ದರು. ಪಿಎಚ್‌ಡಿಗೆ ಸೇರಿದ್ದು 2012ರಲ್ಲಿ. ಈ ಬಾಗಿಲ ತನಕ ಬರೋಕೆ 13 ವರ್ಷ ಹಿಡಿಯಿತು.

ಮೇಜಿನ ಮೇಲೆ ಕೂತು ಸುಮ್ನೆ ಲೆಕ್ಕ ಹಾಕಿದೆ. ಪ್ರಯೋಗ ಮಾಡಿದ್ದಕ್ಕಿಂತ ಕಾದದ್ದೇ ಜಾಸ್ತಿ. ಸೆಲ್, ಅಂದರೆ ಜೀವಕೋಶ, ಬೆಳೆಯಲಿ ಅಂತ ಕಾದೆ, ಪೇಪರ್ ಪರಿಶೀಲಿಸುವ ರಿವ್ಯೂವರ್ ಉತ್ತರಕ್ಕೆ ಕಾದೆ, ಸಹಿಗೆ ಕಾದೆ, ಶಿಫಾರಸು ಪತ್ರಕ್ಕೆ ಕಾದೆ. ಕೆಲವು ಕಾಯುವಿಕೆ ಯಾರಿಗೂ ತಪ್ಪುವಂಥದ್ದಲ್ಲ. ಆದರೆ ಎರಡು ವರ್ಷದಷ್ಟಾದರೂ, ಯಾರಾದರೂ ಮೊದಲೇ ಒಂದು ಮಾತು ಹೇಳಿದ್ದರೆ ಉಳಿಯುತ್ತಿತ್ತು. ಆ ಮಾತುಗಳನ್ನು ನೆನಪು ಹಸಿಯಾಗಿರುವಾಗಲೇ ಬರೆದುಬಿಡೋಣ ಅನ್ನಿಸಿತು.

ಲ್ಯಾಬ್ ಸೇರಿದ ಮೊದಲ ವಾರ ಒಬ್ಬ ಸೀನಿಯರ್ ಕೆಲಸ ಮುಗಿಸಿ ಹೊರಡುತ್ತಿದ್ದರು. ಅವರ ಪ್ರಾಜೆಕ್ಟ್ ನನಗೆ ಬಂತು. ಜೊತೆಗೆ ಒಂದು ರಟ್ಟಿನ ಡಬ್ಬಿಯೂ ಬಂತು. ಒಳಗೆ ಒಂಬತ್ತು ಸಾಲು, ಸಾಲಿಗೆ ಒಂಬತ್ತು ಮನೆ, ಒಟ್ಟು 81 ಟ್ಯೂಬ್. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬರೆದದ್ದು ಅರ್ಧ ಅಳಿಸಿತ್ತು. ಒಂದರ ಮೇಲೆ "ಕ್ಲೋನ್ 3", ಇನ್ನೊಂದರ ಮೇಲೆ "ಕ್ಲೋನ್ 3 ಹೊಸದು". ತಾರೀಖಿಲ್ಲ. ಯಾವ ನೋಟ್‌ಬುಕ್‌ನ ಯಾವ ಪುಟ ಅಂತಲೂ ಇಲ್ಲ. ಹೊಸದು ಅಂದಮೇಲೆ ಅದೇ ಒಳ್ಳೆಯದಿರಬೇಕು ಅಂದುಕೊಂಡು ಅದರಲ್ಲೇ ಕೆಲಸ ಶುರು ಮಾಡಿದೆ.

ಡಿಎನ್‌ಎಗೆ ಪೆಟ್ಟು ಬಿದ್ದಾಗ ಸೆಲ್ ಅದನ್ನು ರಿಪೇರಿ ಮಾಡಿಕೊಳ್ಳುತ್ತದೆ, ಅಲ್ವಾ? ಆ ಕೆಲಸದಲ್ಲಿ ಕೈ ಸೇರಿಸುವ ಒಂದು ಪ್ರೋಟೀನ್ ನನ್ನ ವಿಷಯ. ಅದಕ್ಕೆ ಜಿಎಫ್‌ಪಿ ಅನ್ನುವ ಹಸಿರು ಹೊಳಪಿನ ಪ್ರೋಟೀನ್ ಅಂಟಿಸಿ, ಸೆಲ್‌ನ ಒಳಗೆ ಅದು ಎಲ್ಲಿಗೆ ಹೋಗುತ್ತದೆ ಅಂತ ಮೈಕ್ರೋಸ್ಕೋಪ್‌ನಲ್ಲಿ ನೋಡಬೇಕಿತ್ತು. ಮೂರು ತಿಂಗಳು ನೋಡಿದೆ. ಹಸಿರು ಬಣ್ಣ ಎಲ್ಲೆಂದರಲ್ಲಿ ಹರಡಿರುತ್ತಿತ್ತು, ಡಿಎನ್‌ಎ ತುಂಡಾದ ಜಾಗಕ್ಕೆ ಹೋಗುತ್ತಲೇ ಇರಲಿಲ್ಲ. ನನ್ನ ಕೈಯೇ ಸರಿ ಇಲ್ಲ ಅಂದುಕೊಂಡು ರಾತ್ರಿಯೆಲ್ಲ ಮತ್ತೆ ಮತ್ತೆ ಮಾಡುತ್ತಿದ್ದೆ. ಕೊನೆಗೆ ಆ ಟ್ಯೂಬಿನಲ್ಲಿದ್ದ ಪ್ಲಾಸ್ಮಿಡ್ಡನ್ನು, ಅಂದರೆ ಜೀನ್ ಹೊತ್ತ ಡಿಎನ್‌ಎಯ ಸಣ್ಣ ಉಂಗುರವನ್ನು, ಅದರ ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್‌ಗೆ ಕಳಿಸಿದೆ. ಎರಡು ದಿನದಲ್ಲಿ ಉತ್ತರ ಬಂತು. "ಕ್ಲೋನ್ 3 ಹೊಸದು" ಬೇಕಂತಲೇ ಮಾಡಿದ ಮ್ಯುಟೆಂಟ್. ಒಂದು ಅಮೈನೋ ಆಮ್ಲ ಬದಲಿಸಿ, ಆ ಜಾಗಕ್ಕೆ ಹೋಗದ ಹಾಗೆ ಮಾಡಿದ್ದು. ನನಗೆ ಬೇಕಿದ್ದದ್ದು ಪಕ್ಕದ ಟ್ಯೂಬ್.

ಯಾರ ಕೈಯಿಂದ ಬಂದ ಪ್ಲಾಸ್ಮಿಡ್ ಆದರೂ ಮೊದಲು ಸೀಕ್ವೆನ್ಸ್ ಮಾಡಿಸಿ, ಆಮೇಲೆ ಕೆಲಸಕ್ಕೆ ಇಳಿಯಿರಿ. ಗೈಡ್ ಕೊಟ್ಟದ್ದಾದರೂ ಸರಿ, ದೊಡ್ಡ ಲ್ಯಾಬಿನಿಂದ ಬಂದದ್ದಾದರೂ ಸರಿ. ಇದರಿಂದ ಯಾರಿಗೂ ಅವಮಾನ ಆಗುವುದಿಲ್ಲ. ಆಡ್‌ಜೀನ್ ಅಂತ 2004ರಲ್ಲಿ ಶುರುವಾದ ಒಂದು ಸಂಸ್ಥೆ ಇದೆ. ವಿಜ್ಞಾನಿಗಳು ತಮ್ಮ ಪ್ಲಾಸ್ಮಿಡ್‌ಗಳನ್ನು ಅಲ್ಲಿ ಇಡುತ್ತಾರೆ, ಬೇಕಾದವರು ತರಿಸಿಕೊಳ್ಳುತ್ತಾರೆ. ಆದರೆ ತರಿಸುವ ಮೊದಲು ಎರಡೂ ಕಡೆಯ ಸಂಸ್ಥೆಗಳು ವಸ್ತು ವರ್ಗಾವಣೆ ಒಪ್ಪಂದಕ್ಕೆ ಸಹಿ ಹಾಕಬೇಕು. ಲ್ಯಾಬಿನವರು ಇದನ್ನು ಎಂಟಿಎ ಅನ್ನುತ್ತಾರೆ. ಟ್ಯೂಬ್ ಬರೋದು ಕೆಲವೇ ದಿನದಲ್ಲಿ. ಸಹಿ ಮಾತ್ರ ವಾರಗಟ್ಟಲೆ ಹಿಡಿಯುತ್ತದೆ. ನನಗೊಮ್ಮೆ ಒಂಬತ್ತು ವಾರ ಆಯಿತು. ಪ್ರಯೋಗ ಶುರು ಮಾಡುವ ದಿನ ಎಂಟಿಎ ಬಗ್ಗೆ ಯೋಚಿಸಬೇಡಿ. ಪ್ರಾಜೆಕ್ಟ್‌ನ ಯೋಜನೆ ಬರೆಯುವ ದಿನವೇ ಅರ್ಜಿ ಹಾಕಿಬಿಡಿ.

ಪ್ಲಾಸ್ಮಿಡ್‌ನಿಂದ ಪಾಠ ಕಲಿತೆ. ಆದರೆ ಸೆಲ್‌ಗಳಿಗೂ ಅದೇ ಪಾಠ ಅನ್ನೋದು ಹೊಳೆಯಲಿಲ್ಲ. ಇದಕ್ಕೆ ತೆತ್ತ ಬೆಲೆ ದೊಡ್ಡದು.

2014ರಲ್ಲಿ ನನ್ನ ಡೇಟಾ ಬಹಳ ಚೆನ್ನಾಗಿ ಬರುತ್ತಿತ್ತು. ಜೀನ್‌ನ ಸಂದೇಶವನ್ನು ತಡೆಯುವ ಎಸ್ಐಆರ್‌ಎನ್‌ಎ ಅನ್ನುವ ಆರ್‌ಎನ್‌ಎ ತುಣುಕು ಹಾಕಿ ಆ ಪ್ರೋಟೀನ್ ಕಡಿಮೆ ಮಾಡಿದರೆ ಡಿಎನ್‌ಎ ಹಾನಿಯ ಗುರುತುಗಳು ಏರುತ್ತಿದ್ದವು. ಆದರೆ ಏನೂ ಮಾಡದ ಕಂಟ್ರೋಲ್ ಸೆಲ್‌ಗಳಲ್ಲೂ ಹಾನಿ ಸ್ವಲ್ಪ ಜಾಸ್ತಿಯೇ ಕಾಣುತ್ತಿತ್ತು. ಇದು ಈ ಸೆಲ್‌ನ ಸ್ವಭಾವ ಇರಬೇಕು ಅಂತ ಬಿಟ್ಟುಬಿಟ್ಟಿದ್ದೆ. ಒಂದು ಸಂಜೆ ಬೇರೆ ಯಾವುದೋ ಕಾರಣಕ್ಕೆ ಡಾಪಿ ಬಣ್ಣ ಹಾಕಿದ ಸ್ಲೈಡನ್ನು ದೊಡ್ಡ ಲೆನ್ಸ್‌ನಲ್ಲಿ ನೋಡುತ್ತಿದ್ದೆ. ಡಾಪಿ ಡಿಎನ್‌ಎಗೆ ಅಂಟಿಕೊಂಡು ನೀಲಿಯಾಗಿ ಹೊಳೆಯುತ್ತದೆ. ಹಾಗಾಗಿ ಸೆಲ್‌ನ ನಡುವೆ ನ್ಯೂಕ್ಲಿಯಸ್ ದುಂಡಗೆ, ನೀಲಿಯಾಗಿ ಕಾಣಬೇಕು. ಸುತ್ತ ಕತ್ತಲು ಇರಬೇಕು. ನನ್ನ ಸ್ಲೈಡಿನಲ್ಲಿ ಸುತ್ತ ಕತ್ತಲಿರಲಿಲ್ಲ. ರವೆ ಎರಚಿದ ಹಾಗೆ ಸಣ್ಣ ಸಣ್ಣ ನೀಲಿ ಚುಕ್ಕೆಗಳು. ಪ್ರತಿ ಸೆಲ್‌ನ ಮೇಲೂ, ಅಂಚಿನಲ್ಲೂ.

ಗೈಡ್ ಬಂದು ಕಣ್ಣಿಟ್ಟು ನೋಡಿದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

"ಮೈಕೊಪ್ಲಾಸ್ಮಾ ಟೆಸ್ಟ್ ಕೊನೆಗೆ ಮಾಡಿದ್ದು ಯಾವಾಗ?"

"ಮಾಡೇ ಇಲ್ಲ, ಮೇಡಂ."

ಮೈಕೊಪ್ಲಾಸ್ಮಾ ಅಂದರೆ ಬಹಳ ಸಣ್ಣ ಬ್ಯಾಕ್ಟೀರಿಯಾ. ಅದಕ್ಕೆ ಸೆಲ್ ಗೋಡೆಯೇ ಇಲ್ಲ. ಹಾಗಾಗಿ ಗೋಡೆ ಕಟ್ಟುವುದನ್ನು ತಡೆಯುವ ಪೆನಿಸಿಲಿನ್ ಅದರ ಮೇಲೆ ನಡೆಯುವುದಿಲ್ಲ. ಬೇರೆ ಬ್ಯಾಕ್ಟೀರಿಯಾ ಸೇರಿದರೆ ಮೀಡಿಯಾ, ಅಂದರೆ ಸೆಲ್ ಬೆಳೆಸುವ ದ್ರವ, ಮಂಕಾಗುತ್ತದೆ, ಮಾರನೇ ದಿನವೇ ಗೊತ್ತಾಗುತ್ತದೆ. ಇದು ಸೇರಿದರೆ ಮೀಡಿಯಾ ತಿಳಿಯಾಗಿಯೇ ಇರುತ್ತದೆ. 0.22 ಮೈಕ್ರಾನ್ ಫಿಲ್ಟರ್‌ನಿಂದಲೂ ನುಸುಳಬಲ್ಲದು. ಸೆಲ್ ಸಾಯುವುದಿಲ್ಲ, ಆದರೆ ಅದರ ನಡವಳಿಕೆ ಬದಲಾಗುತ್ತದೆ. ಡಿಎನ್‌ಎಗೂ ಪೆಟ್ಟು ಬೀಳುತ್ತದೆ. ಡಿಎನ್‌ಎ ಹಾನಿಯ ಬಗ್ಗೆಯೇ ಪಿಎಚ್‌ಡಿ ಮಾಡುತ್ತಿದ್ದ ನನಗೆ ಇದಕ್ಕಿಂತ ಕೆಟ್ಟ ಸೋಂಕು ಇನ್ನೊಂದಿರಲಿಲ್ಲ.

11 ತಿಂಗಳ ಡೇಟಾ ಪಕ್ಕಕ್ಕಿಟ್ಟೆವು. ಸೆಲ್‌ಗಳನ್ನೆಲ್ಲ ಆಟೋಕ್ಲೇವ್‌ನ ಬಿಸಿ ಹಬೆಯಲ್ಲಿ ಕೊಂದೆವು. ಇನ್ಕ್ಯುಬೇಟರ್ ಬಿಚ್ಚಿ ಒರೆಸಿದೆವು. ಆ ವಾರ ನನಗೆ ಯಾರ ಹತ್ತಿರವೂ ಮಾತಾಡಲು ಆಗಲಿಲ್ಲ. ಬಿಟ್ಟುಹೋಗಲಾ ಅಂತ ಮೊದಲ ಸಲ ಅನ್ನಿಸಿದ್ದು ಆಗ. ಉಳಿದದ್ದು ಗೈಡ್‌ನಿಂದ. ಅವರು ಬೈಯಲಿಲ್ಲ. ಹೊಸ ಸೆಲ್ ತರಿಸಿದ ದಿನ ನನ್ನ ಜೊತೆ ತಾವೂ ಗ್ಲೌಸ್ ಹಾಕಿಕೊಂಡು ಹುಡ್ ಮುಂದೆ ಕೂತರು. ಎಷ್ಟೋ ವರ್ಷದಿಂದ ಪಿಪೆಟ್ ಹಿಡಿಯದವರು ಆವತ್ತು ಹಿಡಿದರು.

ಈ ಟೆಸ್ಟ್, ಡಿಎನ್‌ಎಯನ್ನು ಹೆಚ್ಚಿಸಿ ನೋಡುವ ಪಿಸಿಆರ್‌ನಲ್ಲಿ ಅರ್ಧ ದಿನದ ಕೆಲಸ. ತಿಂಗಳಿಗೊಮ್ಮೆ ಮಾಡಿ. ಹೊಸ ಸೆಲ್ ಬಂದರೆ ಬೇರೆ ಇನ್ಕ್ಯುಬೇಟರ್‌ನಲ್ಲಿಟ್ಟು, ಟೆಸ್ಟ್ ಆದಮೇಲೆ ಒಳಗೆ ಸೇರಿಸಿ. ಅದು ನೀವಂದುಕೊಂಡ ಸೆಲ್ಲೇ ಹೌದಾ ಅಂತ ನೋಡಲು ಎಸ್‌ಟಿಆರ್ ಪ್ರೊಫೈಲ್ ಅನ್ನುವ ಡಿಎನ್‌ಎ ಗುರುತಿನ ಪರೀಕ್ಷೆ ಮಾಡಿಸಿ. ಲ್ಯಾಬಿನಲ್ಲಿ ವರ್ಷಗಟ್ಟಲೆ ಬೆಳೆಸುವ ಒಂದೇ ಮೂಲದ ಸೆಲ್‌ಗಳಿಗೆ ಸೆಲ್ ಲೈನ್ ಅನ್ನುತ್ತಾರೆ. ಒಂದು ಸೆಲ್ ಲೈನ್ ಇನ್ನೊಂದರ ಹೆಸರಿನಲ್ಲಿ ಓಡಾಡುವುದು ಹಳೆಯ ರೋಗ. 1951ರಲ್ಲಿ ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನುವ ರೋಗಿಯ ಕ್ಯಾನ್ಸರ್ ಗೆಡ್ಡೆಯಿಂದ ಬಂದ ಹೀಲಾ ಸೆಲ್‌ಗಳು ಎಷ್ಟು ಜೋರಾಗಿ ಬೆಳೆಯುತ್ತವೆ ಅಂದರೆ, ಬೇರೆ ಪಾತ್ರೆಗೆ ಒಂದೆರಡು ಸೇರಿದರೂ ಅದನ್ನೆಲ್ಲ ಆಕ್ರಮಿಸುತ್ತವೆ. ಬೇರೆ ಬೇರೆ ಹೆಸರಿನ ಹಲವು ಸೆಲ್ ಲೈನ್‌ಗಳು ನಿಜವಾಗಿ ಹೀಲಾ ಅಂತ ವಿಜ್ಞಾನಿ ಸ್ಟ್ಯಾನ್ಲಿ ಗಾರ್ಟ್ಲರ್ 1966ರಲ್ಲೇ ತೋರಿಸಿದ್ದರು. ಇವತ್ತಿಗೂ ಅಂಥ ಸೆಲ್‌ಗಳ ಮೇಲೆ ಪೇಪರ್ ಬರುತ್ತಲೇ ಇವೆ. ಹೆಸರು ತಪ್ಪಿದ ಸೆಲ್ ಲೈನ್‌ಗಳ ಪಟ್ಟಿಯನ್ನು ಐಸಿಎಲ್‌ಎಸಿ ಅನ್ನುವ ಸಮಿತಿ ಇಟ್ಟಿದೆ. ಒಮ್ಮೆ ನೋಡಿಕೊಳ್ಳಿ.

ಎಲ್ಲ ಮತ್ತೆ ಮಾಡಿ, 2016ರಲ್ಲಿ ಪೇಪರ್ ಕಳಿಸಿದೆವು. ಮೊದಲ ಜರ್ನಲ್ ಐದು ದಿನದಲ್ಲಿ ವಾಪಸ್ ಮಾಡಿತು. ರಿವ್ಯೂಗೇ ಹೋಗಲಿಲ್ಲ. ಎರಡನೆಯದು ಎರಡು ವಾರದಲ್ಲಿ. ಮೂರನೆಯದು ರಿವ್ಯೂಗೆ ಕಳಿಸಿತು, ಮೂರು ತಿಂಗಳು ಸುದ್ದಿಯಿಲ್ಲ. ದಿನಕ್ಕೆ ಹತ್ತು ಸಲ ಆ ಪುಟ ತೆರೆದು ನೋಡುತ್ತಿದ್ದೆ. "ರಿವ್ಯೂನಲ್ಲಿದೆ" ಅನ್ನುವ ಅದೇ ಸಾಲು. ಐದು ದಿನದಲ್ಲಿ ವಾಪಸ್ ಬಂದರೆ ನಿಮ್ಮ ವಿಜ್ಞಾನ ಕೆಟ್ಟದು ಅಂತ ಅರ್ಥವಲ್ಲ. ಸಂಪಾದಕರು ತಮ್ಮ ಜರ್ನಲ್‌ಗೆ ಹೊಂದುತ್ತದಾ ಅಂತ ನೋಡುವ ಹಂತ ಅದು. ಮೂರು ತಿಂಗಳಾದರೂ ಮಾತಿಲ್ಲದಿದ್ದರೆ ಒಂದು ಮರ್ಯಾದೆಯ ಮೇಲ್ ಹಾಕಬಹುದು. ಹಾಕಿದ್ದಕ್ಕೆ ಯಾರೂ ಕೋಪ ಮಾಡಿಕೊಳ್ಳುವುದಿಲ್ಲ. ನಾನು ಹೆದರಿಕೊಂಡು ಕೂತದ್ದೇ ತಪ್ಪಾಯಿತು. ಮೂರನೇ ರಿವ್ಯೂವರ್ ಕೈಕೊಟ್ಟು ಒಂದು ತಿಂಗಳಾಗಿತ್ತಂತೆ. ಕೊನೆಗೆ ನಾನು ಮೇಲ್ ಹಾಕಿದ ವಾರದಲ್ಲೇ ಬೇರೆಯವರನ್ನು ಹುಡುಕಿದರು.

ಉತ್ತರ ಬಂದಾಗ ಮೂವರಲ್ಲಿ ಇಬ್ಬರು ಒಂದೇ ಮಾತು ಹೇಳಿದ್ದರು: ಎಸ್ಐಆರ್‌ಎನ್‌ಎ ಸಾಲದು, ಡಿಎನ್‌ಎ ಕತ್ತರಿಸುವ ಕ್ರಿಸ್ಪರ್ ವಿಧಾನದಲ್ಲಿ ಜೀನ್ ಪೂರ್ತಿ ತೆಗೆದು ತೋರಿಸಿ. ನಾನು ಪಿಎಚ್‌ಡಿ ಸೇರಿದ 2012ರಲ್ಲೇ ಜೆನಿಫರ್ ಡೌಡ್ನಾ ಮತ್ತು ಎಮ್ಯಾನುಯೆಲ್ ಶಾರ್ಪಾಂಟಿಯೆ ಅವರ ಪೇಪರ್, ಕ್ರಿಸ್ಪರ್‌ನ ಕತ್ತರಿಯಾದ ಕ್ಯಾಸ್9 ಬಗ್ಗೆ, ಬಂದಿತ್ತು. 2013ರ ಹೊತ್ತಿಗೆ ಮನುಷ್ಯನ ಸೆಲ್‌ಗಳಲ್ಲಿ ಅದು ಕೆಲಸ ಮಾಡುತ್ತದೆ ಅಂತ ಬೇರೆ ಗುಂಪುಗಳು ತೋರಿಸಿದ್ದವು. ನಾನು ಅದನ್ನು ಓದಿ ಮೆಚ್ಚಿದ್ದೆ, ಬಳಸಿರಲಿಲ್ಲ. ನಾಲ್ಕು ವರ್ಷದಲ್ಲಿ ಅದು ಕಡ್ಡಾಯದ ಹಾಗೆ ಆಗಿಬಿಟ್ಟಿತ್ತು. ಪಿಎಚ್‌ಡಿ ನಡೆಯುವ ಐದಾರು ವರ್ಷದಲ್ಲಿ ವಿಧಾನಗಳು ನಮ್ಮ ಕಣ್ಣೆದುರೇ ಹಳೆಯದಾಗುತ್ತವೆ. ಹೊಸ ವಿಧಾನ ಬಂದಾಗ ಒಂದು ಸಣ್ಣ ಪ್ರಯೋಗವನ್ನಾದರೂ ಅದರಲ್ಲಿ ಮಾಡಿ ಇಟ್ಟುಕೊಳ್ಳಿ.

ಹೀಗೆ ಜೀನ್ ತೆಗೆಯುವುದಕ್ಕೆ ನಾಕ್‌ಔಟ್ ಅನ್ನುತ್ತಾರೆ. ಅದನ್ನು ಮಾಡಲು ಏಳು ತಿಂಗಳು ಹಿಡಿಯಿತು. 96 ಗುಳಿಗಳ ಪ್ಲೇಟಿನಲ್ಲಿ ಒಂದು ಗುಳಿಗೆ ಒಂದೇ ಸೆಲ್ ಬೀಳುವ ಹಾಗೆ ತೆಳುಮಾಡಿ ಹಾಕಬೇಕು. ಅದು ಕಣ್ಣಿಗೆ ಕಾಣುವ ಗುಂಪು, ಅಂದರೆ ಕ್ಲೋನ್, ಆಗಲು ಎರಡು ಮೂರು ವಾರ. ಆಮೇಲೆ ಒಂದೊಂದನ್ನೂ ಸೀಕ್ವೆನ್ಸ್ ಮಾಡಬೇಕು. ಎಷ್ಟೋ ಕ್ಲೋನ್‌ಗಳಲ್ಲಿ ಜೀನ್‌ನ ಒಂದು ಪ್ರತಿ ಮಾತ್ರ ಕೆಟ್ಟಿರುತ್ತಿತ್ತು. ಕೊನೆಗೆ ಎರಡು ಕ್ಲೋನ್ ಸಿಕ್ಕವು, ಸೀಕ್ವೆನ್ಸ್ ಪ್ರಕಾರ ಪಕ್ಕಾ. ಒಂದು ಪ್ರೋಟೀನ್ ಇದೆಯಾ ಅಂತ ಅದಕ್ಕೆ ಅಂಟುವ ಆ್ಯಂಟಿಬಾಡಿಯಿಂದ ಪತ್ತೆ ಮಾಡುವ ವೆಸ್ಟರ್ನ್ ಬ್ಲಾಟನ್ನು ಖುಷಿಯಿಂದ ಮಾಡಿದೆ. ಆ ಪ್ರೋಟೀನ್‌ನ ಬ್ಯಾಂಡ್ ಇದ್ದೇ ಇತ್ತು.

ಜೀನ್ ಇಲ್ಲ, ಪ್ರೋಟೀನ್ ಇದೆ! ಎರಡು ದಿನ ತಲೆ ಓಡಲಿಲ್ಲ. ಆಮೇಲೆ ಗೊತ್ತಾಯಿತು, ತಪ್ಪು ಆ್ಯಂಟಿಬಾಡಿಯದ್ದು. ಅದೇ ಅಳತೆಯ ಬೇರೊಂದು ಪ್ರೋಟೀನನ್ನೂ ಅದು ಹಿಡಿಯುತ್ತಿತ್ತು. ಎಸ್ಐಆರ್‌ಎನ್‌ಎ ಹಾಕಿದಾಗ ಬ್ಯಾಂಡ್ ಪೂರ್ತಿ ಹೋಗದೆ ಉಳಿಯುತ್ತಿದ್ದದ್ದು ಯಾಕೆ ಅಂತಲೂ ಆಗ ಅರ್ಥವಾಯಿತು. ಬೇರೆ ಆ್ಯಂಟಿಬಾಡಿ ತರಿಸಿ ಮೂರು ಚಿತ್ರಗಳನ್ನು ಹೊಸದಾಗಿ ಮಾಡಿದೆ. ಮುಖ್ಯ ಫಲಿತಾಂಶ ನಿಂತಿತು. ನಿಲ್ಲದೇ ಹೋಗಿದ್ದರೂ ಆ ಪೇಪರನ್ನು ಹಾಗೇ ಕಳಿಸುತ್ತಿರಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದು ನೆನಪಿದೆ. ಆ್ಯಂಟಿಬಾಡಿ ಕಂಪನಿ ಏನೇ ಹೇಳಲಿ, ಆ ಪ್ರೋಟೀನ್ ಇಲ್ಲದ ಸೆಲ್ ಮೇಲೆ ಒಮ್ಮೆ ಹಾಕಿ ನೋಡಿ.

ಪೇಪರ್ ಒಪ್ಪಿಗೆಯಾದ ಮೇಲೂ ಕೆಲಸ ಮುಗಿಯುವುದಿಲ್ಲ. ಕತ್ತರಿಸದ ಮೂಲ ಬ್ಲಾಟ್ ಚಿತ್ರ ಕೇಳುತ್ತಾರೆ. ಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಡಿದ್ದರೆ ಡೇಟಾವನ್ನು ಜಿಇಒ ಥರದ ಸಾರ್ವಜನಿಕ ಭಂಡಾರದಲ್ಲಿ ಹಾಕಿ ನಂಬರ್ ಕೊಡಬೇಕು. ಆರ್ಕಿಡ್ ಐಡಿ ಕೇಳುತ್ತಾರೆ. ಅದು ಸಂಶೋಧಕರಿಗೆ ಕೊಡುವ 16 ಅಂಕಿಯ ಗುರುತು, 2012ರಿಂದ ಇದೆ, ಉಚಿತ. ಮೊದಲ ವರ್ಷವೇ ಮಾಡಿಸಿಕೊಳ್ಳಿ. ನಿಮ್ಮದೇ ಹೆಸರಿನ ಇನ್ನೊಬ್ಬರ ಪೇಪರ್ ನಿಮ್ಮ ಖಾತೆಗೆ ಸೇರುವ ಗೊಂದಲ ತಪ್ಪುತ್ತದೆ. ಮೂಲ ಚಿತ್ರಗಳಿಗಾಗಿ ನಾನು ಮೂರು ಹಳೆಯ ಹಾರ್ಡ್ ಡಿಸ್ಕ್ ಹುಡುಕಿದೆ. ಒಂದು ಬ್ಲಾಟ್ ಸಿಗಲೇ ಇಲ್ಲ, ಅದನ್ನು ಮತ್ತೆ ಮಾಡಬೇಕಾಯಿತು.

ಇನ್ನು ಹೆಸರುಗಳ ಸಾಲು. ಇದರ ಬಗ್ಗೆ ಬರೆಯುವಾಗ ಈಗಲೂ ಮನಸ್ಸು ಭಾರವಾಗುತ್ತದೆ. ನಮ್ಮ ಕ್ಷೇತ್ರದಲ್ಲಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯದು ಲ್ಯಾಬಿನ ಮುಖ್ಯಸ್ಥರದು. ನಡುವಿನವರನ್ನು ಆಯ್ಕೆ ಸಮಿತಿ ಅಷ್ಟಾಗಿ ನೋಡುವುದಿಲ್ಲ. ನಂತರದ ಒಂದು ಪೇಪರ್‌ನಲ್ಲಿ ನಾನು ಮತ್ತು ಸಹೋದ್ಯೋಗಿ ಇಬ್ಬರೂ ಎರಡು ವರ್ಷ ದುಡಿದೆವು. ಯಾರ ಹೆಸರು ಮೊದಲು ಅಂತ ಯಾರೂ ಮಾತಾಡಲಿಲ್ಲ. ಇಬ್ಬರೂ ತಮ್ಮದೇ ಅಂದುಕೊಂಡಿದ್ದೆವು. ಕಳಿಸುವ ಹಿಂದಿನ ವಾರ ಗೊತ್ತಾಯಿತು. ಸಮಾನ ಮೊದಲ ಲೇಖಕರು ಅಂತ ನಕ್ಷತ್ರ ಹಾಕಿ ಮುಗಿಸಿದೆವು. ಆದರೆ ನಮ್ಮ ಸ್ನೇಹ ಮೊದಲಿನ ಹಾಗೆ ಆಗಲಿಲ್ಲ. ಕೆಲಸ ಶುರು ಮಾಡುವಾಗಲೇ ಲ್ಯಾಬಿನ ಮುಖ್ಯಸ್ಥರೂ ಸೇರಿ ಮೂವರೂ ಕೂತು ಮಾತಾಡಿ, ಮಾತಾಡಿದ್ದನ್ನು ಒಂದು ಮೇಲ್‌ನಲ್ಲಿ ಬರೆದುಕೊಂಡಿದ್ದರೆ ಸಾಕಿತ್ತು. ಕೆಲಸ ದಿಕ್ಕು ಬದಲಿಸಿದರೆ ಮತ್ತೆ ಮಾತಾಡಬಹುದು. ಕ್ರೆಡಿಟ್ ಅನ್ನುವ ಪಟ್ಟಿಯಲ್ಲಿ 14 ಬಗೆಯ ಕೆಲಸಗಳನ್ನು ವಿಂಗಡಿಸಿದ್ದಾರೆ: ಯೋಚನೆ ಯಾರದು, ಪ್ರಯೋಗ ಯಾರದು, ಬರವಣಿಗೆ ಯಾರದು ಅಂತ. ಮಾತು ಶುರು ಮಾಡುವುದಕ್ಕೆ ಅದೇ ಒಳ್ಳೆಯ ನೆಪ.

ಥೀಸಿಸ್ 2018ರಲ್ಲಿ ಕೊಟ್ಟೆ. ಬರೆಯೋಕೆ ನಾಲ್ಕು ತಿಂಗಳು. ಒಬ್ಬ ಪರೀಕ್ಷಕರ ವರದಿಗೆ ಐದು ತಿಂಗಳು. ಮೌಖಿಕ ಪರೀಕ್ಷೆ ಎರಡು ಗಂಟೆ. ಅದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ, ಭಯಪಟ್ಟಷ್ಟು ಕಷ್ಟ ಇರಲಿಲ್ಲ. ಕಷ್ಟ ಬಂದದ್ದು ಪದವಿಯ ತಾರೀಖಿನಿಂದ.

ಪಿಎಚ್‌ಡಿ ಆದಮೇಲೆ ಬೇರೊಬ್ಬರ ಲ್ಯಾಬಿನಲ್ಲಿ ಮಾಡುವ ಸಂಶೋಧನೆಗೆ ಪೋಸ್ಟ್‌ಡಾಕ್ ಅನ್ನುತ್ತಾರೆ. ಹಲವು ಪೋಸ್ಟ್‌ಡಾಕ್ ಫೆಲೋಶಿಪ್‌ಗಳು ಪಿಎಚ್‌ಡಿ ಆದ ದಿನದಿಂದ ಗಡಿಯಾರ ಓಡಿಸುತ್ತವೆ. ಯುರೋಪಿನ ಎಂಬೊ ಸಂಸ್ಥೆಯ ಫೆಲೋಶಿಪ್‌ಗೆ ಪಿಎಚ್‌ಡಿ ಆಗಿ ಎರಡು ವರ್ಷ ದಾಟಿರಬಾರದು. ಅಲ್ಲಿನದೇ ಮೇರಿ ಕ್ಯೂರಿ ಫೆಲೋಶಿಪ್‌ಗೆ ಎಂಟು ವರ್ಷ. ಅಮೆರಿಕದ ಕೆ99 ಅನ್ನುವ ಗ್ರ್ಯಾಂಟ್‌ಗೆ, ಅಂದರೆ ಸಂಶೋಧನಾ ಅನುದಾನಕ್ಕೆ, ಪೋಸ್ಟ್‌ಡಾಕ್ ಅನುಭವ ನಾಲ್ಕು ವರ್ಷ ಮೀರಿರಬಾರದು. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ವರ್ಷದ ಸೂಚನೆಯನ್ನೇ ಓದಿ. ಆದರೆ "ಪಿಎಚ್‌ಡಿ ಆದ ದಿನ" ಅಂದರೆ ಯಾವ ದಿನ? ಮೌಖಿಕ ಪರೀಕ್ಷೆಯ ದಿನವಾ, ಫಲಿತಾಂಶದ ಆದೇಶದ ದಿನವಾ, ಘಟಿಕೋತ್ಸವದ ದಿನವಾ? ನನ್ನ ಮೂರು ಕಾಗದದಲ್ಲಿ ಮೂರು ತಾರೀಖಿತ್ತು. ಒಂದು ಫೆಲೋಶಿಪ್‌ನವರು ಒಂದೇ ತಾರೀಖಿರುವ ಅಧಿಕೃತ ಪತ್ರ ಕೇಳಿದರು. ಅದು ಕೈಗೆ ಬರುವಷ್ಟರಲ್ಲಿ ಆ ಸುತ್ತು ಮುಗಿದಿತ್ತು. ಮೌಖಿಕ ಪರೀಕ್ಷೆ ಮುಗಿದ ವಾರವೇ ತಾತ್ಕಾಲಿಕ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಪದವಿ ಯಾವ ದಿನದಿಂದ ಸಂದಿದೆ ಅನ್ನುವ ಒಂದು ಸಾಲು ಅದರಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ. ನಾಲ್ಕು ಪ್ರತಿ ತೆಗೆದಿಡಿ.

ಪೋಸ್ಟ್‌ಡಾಕ್ ಲ್ಯಾಬ್ ಹುಡುಕುವಾಗ ನಾನು ಮಾಡಿದ ಒಂದೇ ಜಾಣ ಕೆಲಸ, ಅಲ್ಲಿಂದ ಬಿಟ್ಟುಹೋದವರ ಜೊತೆ ಮಾತಾಡಿದ್ದು. ಈಗ ಅಲ್ಲಿರುವವರು ಎಲ್ಲ ಹೇಳಲಾರರು. ಬಿಟ್ಟುಹೋದವರು ಹೇಳುತ್ತಾರೆ. ಪೇಪರ್ ಬರೋಕೆ ಎಷ್ಟು ವರ್ಷ, ರಜೆ ಕೊಡುತ್ತಾರಾ, ಹೊರಡುವಾಗ ಪ್ರಾಜೆಕ್ಟ್ ತೆಗೆದುಕೊಂಡು ಹೋಗಲು ಬಿಡುತ್ತಾರಾ ಅಂತ ಕೇಳಿ. ಮೂರನೇ ಪ್ರಶ್ನೆಯ ಮಹತ್ವ ನನಗೆ ಆರು ವರ್ಷ ಆದಮೇಲೆ ತಿಳಿಯಿತು.

2019ರ ನಡುವಿಗೆ ಸೇರಿದೆ. ಸ್ಥಳಾಂತರದ ಖರ್ಚು ಮೊದಲು ಕೈಯಿಂದ ಹಾಕಬೇಕು, ಆಮೇಲೆ ವಾಪಸ್ ಬರುತ್ತದೆ. ನನಗೆ ಬರಲು ನಾಲ್ಕು ತಿಂಗಳಾಯಿತು. ಮೊದಲ ಸಂಬಳಕ್ಕೂ ತಡ ಆಗಬಹುದು. ಮೂರು ತಿಂಗಳು ನಡೆಯುವಷ್ಟು ಹಣ ಇಟ್ಟುಕೊಂಡೇ ಹೊರಡಿ.

2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಲ್ಯಾಬ್ ಮುಚ್ಚಲು ಎರಡು ದಿನ ಕೊಟ್ಟರು. ಎಂಟು ತಿಂಗಳು ಹಿಡಿದು ಮಾಡಿದ ಸೆಲ್ ಲೈನ್‌ಗಳು ಇನ್ಕ್ಯುಬೇಟರ್‌ನಲ್ಲಿದ್ದವು. ಎಲ್ಲವನ್ನೂ, ಹೆಪ್ಪುಗಟ್ಟುವಾಗ ಸೆಲ್ ಕಾಪಾಡುವ ಡಿಎಂಎಸ್‌ಒ ಹಾಕಿದ ಮೀಡಿಯಾದಲ್ಲಿ ಫ್ರೀಜ್ ಮಾಡಬೇಕಿತ್ತು. ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ ನಿಧಾನಕ್ಕೆ ತಣಿಸಿದರೆ ಮಾತ್ರ ಅವು ಉಳಿಯುತ್ತವೆ, ಆಮೇಲೆ ದ್ರವ ಸಾರಜನಕಕ್ಕೆ. ಕಾರಿಡಾರಿನಲ್ಲಿ ದೀಪ ಒಂದೊಂದಾಗಿ ಆರುತ್ತಿತ್ತು. ನಾನು 60 ವೈಯಲ್‌ಗಳ ಮೇಲೆ ತಾರೀಖು, ಎಷ್ಟು ಸಲ ಹೊಸ ಪಾತ್ರೆಗೆ ಬದಲಿಸಿದ್ದು ಅನ್ನುವ ಪ್ಯಾಸೇಜ್ ನಂಬರ್, ನೋಟ್‌ಬುಕ್ ಪುಟ ಬರೆಯುತ್ತಿದ್ದೆ. ಆ ಹಳೆಯ ಡಬ್ಬಿ ನೆನಪಾಗಿ ಒಂದನ್ನೂ ಬಿಡಲಿಲ್ಲ. ತಿಂಗಳುಗಳ ನಂತರ ಕರಗಿಸಿದಾಗ ಬಹುತೇಕ ಎಲ್ಲವೂ ಬದುಕಿದ್ದವು.

ಆ ಲ್ಯಾಬಿನ ಗ್ರ್ಯಾಂಟ್ 2021ರಲ್ಲಿ ಮುಗಿಯಿತು. ನಾನು ಎರಡನೇ ಪೋಸ್ಟ್‌ಡಾಕ್‌ಗೆ ಹೋದೆ. ಅಲ್ಲಿ ಎರಡು ವರ್ಷ ಕಟ್ಟಿದ ಕೆಲಸವನ್ನು ಬೇರೊಂದು ಗುಂಪು ಮೊದಲೇ ಪ್ರಕಟಿಸಿತು. ಬೆಳಿಗ್ಗೆ ಫೋನಿನಲ್ಲಿ ಅವರ ಪೇಪರ್ ತಲೆಬರಹ ನೋಡಿದಾಗ ಕೈ ತಣ್ಣಗಾಯಿತು. ಎಲ್ಲ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಬಯೋಆರ್ಕೈವ್‌ನಲ್ಲಿ ನಮ್ಮ ಪ್ರೀಪ್ರಿಂಟ್, ಅಂದರೆ ರಿವ್ಯೂಗೆ ಮೊದಲೇ ಎಲ್ಲರಿಗೂ ಕಾಣುವಂತೆ ಹಾಕಿದ ಪ್ರತಿ, ಆಗಲೇ ತಾರೀಖು ಸಮೇತ ಇತ್ತು. ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಲ್ಯಾಬೊರೇಟರಿ 2013ರಲ್ಲಿ ಶುರು ಮಾಡಿದ ತಾಣ ಅದು. ಅಲ್ಲದೆ ಕೆಲವು ಜರ್ನಲ್‌ಗಳಲ್ಲಿ ಎರಡನೆಯದಾಗಿ ಬಂದವರಿಗೂ ರಕ್ಷಣೆ ಇದೆ. ಮೊದಲಿನವರ ಪೇಪರ್ ಬಂದು ಆರು ತಿಂಗಳೊಳಗೆ ಕಳಿಸಿದರೆ, ಹೊಸತಲ್ಲ ಅನ್ನುವ ಕಾರಣಕ್ಕೆ ತಿರಸ್ಕರಿಸುವುದಿಲ್ಲ ಅಂತ ಪ್ಲಾಸ್ ಬಯಾಲಜಿ ಅನ್ನುವ ಜರ್ನಲ್ 2018ರಲ್ಲೇ ಹೇಳಿತ್ತು. ಎರಡು ಗುಂಪು ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದರೆ ಆ ಉತ್ತರಕ್ಕೆ ಬಲ ಜಾಸ್ತಿ, ಅಲ್ವಾ? ನಾವು ಆ ದಾರಿಯಲ್ಲೇ ಹೋದೆವು, ಪೇಪರ್ ಬಂತು.

ಆ ದಿನಗಳಲ್ಲಿ ನನಗೆ ಪದೇ ಪದೇ ನೆನಪಾಗುತ್ತಿದ್ದದ್ದು ಡಗ್ಲಸ್ ಪ್ರಾಷರ್ ಅನ್ನುವ ವಿಜ್ಞಾನಿ. ನಾನು ದಿನಾ ಮೈಕ್ರೋಸ್ಕೋಪ್‌ನಲ್ಲಿ ನೋಡುವ ಆ ಹಸಿರು ಪ್ರೋಟೀನ್ ಜಿಎಫ್‌ಪಿಯ ಜೀನ್ ಮೊದಲು ಕ್ಲೋನ್ ಮಾಡಿದವರು ಅವರು, ಆ ಪೇಪರ್ 1992ರಲ್ಲಿ ಬಂತು. ಮುಂದೆ ಗ್ರ್ಯಾಂಟ್ ಸಿಗಲಿಲ್ಲ. ಆಗ ಅವರು ಆ ಜೀನನ್ನು ಕೇಳಿದ ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ಚೆನ್ ಅವರಿಗೆ ಕಳಿಸಿಕೊಟ್ಟರು. 2008ರಲ್ಲಿ ಅವರಿಬ್ಬರಿಗೂ ಒಸಾಮು ಶಿಮೊಮುರಾ ಅವರಿಗೂ ನೊಬೆಲ್ ಬಂದಾಗ ಪ್ರಾಷರ್ ಒಂದು ಕಾರು ಮಾರುವ ಅಂಗಡಿಯ ವ್ಯಾನ್ ಓಡಿಸುತ್ತಿದ್ದರು. ಈ ವೃತ್ತಿಯಲ್ಲಿ ಒಳ್ಳೆಯ ಕೆಲಸ ಮಾಡಿದವರೆಲ್ಲ ಉಳಿಯುವುದಿಲ್ಲ. ಬಿಟ್ಟುಹೋದ ಗೆಳೆಯರನ್ನು ಸೋತವರು ಅಂತ ನೋಡುವುದನ್ನು ನಾನು ಅವರ ಕಥೆ ಓದಿದ ದಿನವೇ ಬಿಟ್ಟೆ. ನನ್ನ ಬ್ಯಾಚಿನ ಇಬ್ಬರು ಕಂಪನಿಗೆ ಹೋದರು, ಒಬ್ಬಳು ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಮೂವರೂ ನನಗಿಂತ ಒಳ್ಳೆಯ ಪ್ರಯೋಗ ಮಾಡುತ್ತಿದ್ದರು.

2023ರಿಂದ ಕೆಲಸಕ್ಕೆ ಅರ್ಜಿ ಹಾಕಲು ಶುರು ಮಾಡಿದೆ. ಎರಡು ವರ್ಷದಲ್ಲಿ 47 ಅರ್ಜಿ. ಆರು ಕಡೆ ಆನ್‌ಲೈನ್ ಸಂದರ್ಶನ, ಮೂರು ಕಡೆ ಮುಖಾಮುಖಿ, ಒಂದು ಕಡೆ ಕೆಲಸ. ಸುಮಾರು 20 ಕಡೆಯಿಂದ ಇಲ್ಲ ಅನ್ನುವ ಉತ್ತರವೂ ಬರಲಿಲ್ಲ. ಪ್ರತಿ ಅರ್ಜಿಗೂ ಸಂಶೋಧನಾ ಯೋಜನೆ, ಬೋಧನೆಯ ಬಗ್ಗೆ ಒಂದು ಬರಹ, ಮೂರು ಶಿಫಾರಸು ಪತ್ರ. ಪತ್ರ ಬರೆಯುವವರಿಗೆ ಕನಿಷ್ಠ ಒಂದು ತಿಂಗಳು ಮೊದಲೇ ಹೇಳಿ. ಕೊನೆಯ ದಿನಾಂಕಗಳ ಒಂದು ಪಟ್ಟಿ ಕೊಡಿ. ವಾರದ ಮುಂಚೆ ಒಮ್ಮೆ ನೆನಪಿಸಿ. ಒಂದು ಕಡೆ ನನ್ನ ಅರ್ಜಿ ಅಪೂರ್ಣ ಅಂತ ಬಿದ್ದುಹೋಗಿತ್ತು, ಒಂದು ಪತ್ರ ಬಂದಿರಲಿಲ್ಲ. ಗೊತ್ತಾದದ್ದು ಎರಡು ತಿಂಗಳ ನಂತರ. ಆಮೇಲೆ ಪ್ರತಿ ಕಡೆಗೂ ನಾನೇ ಮೇಲ್ ಹಾಕಿ, ಮೂರೂ ಪತ್ರ ಬಂದಿದೆಯಾ ಅಂತ ಕೇಳುತ್ತಿದ್ದೆ.

ಸಂದರ್ಶನದಲ್ಲಿ ಸೆಮಿನಾರ್ ಸುಲಭ. ಅದನ್ನು ನೂರು ಸಲ ಹೇಳಿರುತ್ತೇವೆ. ಕಷ್ಟದ್ದು ಚಾಕ್ ಟಾಕ್. ಸ್ಲೈಡ್ ಇಲ್ಲ. ಒಂದು ಬೋರ್ಡ್, ಒಂದು ಮಾರ್ಕರ್, ಎದುರಿಗೆ ಇಲಾಖೆಯವರೆಲ್ಲ. ಮುಂದಿನ ಐದು ವರ್ಷ ಏನು ಮಾಡುತ್ತೀರಿ ಅಂತ ಬರೆದು ತೋರಿಸಬೇಕು. ಮೊದಲ ಸಲ ನಾನು ಮೂರನೇ ನಿಮಿಷಕ್ಕೆ ನಿಂತುಹೋದೆ. ಒಬ್ಬರು ಕೇಳಿದ್ದರು: "ಇದನ್ನೇ ನಿಮ್ಮ ಈಗಿನ ಬಾಸ್ ಕೂಡ ಮಾಡುತ್ತಾರಲ್ಲ, ನೀವು ಹೇಗೆ ಬೇರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆಂದರೆ ಆ ಮಾತನ್ನು ಬಾಸ್ ಹತ್ತಿರ ನಾನು ಎಂದೂ ಎತ್ತಿರಲಿಲ್ಲ.

ವಾಪಸ್ ಬಂದು ಧೈರ್ಯ ಮಾಡಿ ಕೇಳಿದೆ. "ಸರ್, ನಾನು ಹೊರಟರೆ ಏನೇನು ತೆಗೆದುಕೊಂಡು ಹೋಗಬಹುದು?" ಅವರು ನಕ್ಕು, "ಇಷ್ಟು ದಿನ ಯಾಕೆ ಕೇಳಲಿಲ್ಲ?" ಅಂದರು. ಒಂದು ಗಂಟೆ ಕೂತು ಯಾವ ಪ್ರಶ್ನೆ ನನ್ನದು, ಯಾವುದು ಲ್ಯಾಬಿನದು, ಯಾವ ಸೆಲ್ ಲೈನ್, ಯಾವ ಪ್ಲಾಸ್ಮಿಡ್ ಅಂತ ಪಟ್ಟಿ ಮಾಡಿ ಮೇಲ್ ಕಳಿಸಿದರು. ಆ ಒಂದು ಮೇಲ್ ಮುಂದಿನ ಎರಡು ಚಾಕ್ ಟಾಕ್‌ಗಳಲ್ಲಿ ನನ್ನ ಬೆನ್ನಿಗಿತ್ತು. ಎಲ್ಲ ಬಾಸ್‌ಗಳೂ ಹೀಗಿರುವುದಿಲ್ಲ, ಗೊತ್ತು. ಅದಕ್ಕೇ ಬಿಟ್ಟುಹೋದವರನ್ನು ಮೊದಲೇ ಕೇಳಿ ಅಂದದ್ದು.

ಕೆಲಸದ ಪತ್ರ ಬಂದಾಗ ತಕ್ಷಣ ಸಹಿ ಹಾಕಬೇಡಿ. ಖುಷಿಯಲ್ಲಿ ಕೈ ಓಡುತ್ತದೆ. ನಾನು ಹತ್ತು ದಿನ ಸಮಯ ಕೇಳಿದೆ, ಕೊಟ್ಟರು. ಹೊಸ ಲ್ಯಾಬಿಗೆ ಬೇಕಾದ ಯಂತ್ರಗಳ ಪಟ್ಟಿ ಬರೆಯುವಾಗ ಎಲ್ಲರೂ ದೊಡ್ಡ ಮೈಕ್ರೋಸ್ಕೋಪ್ ಬರೆಯುತ್ತಾರೆ. ಮರೆಯುವುದು ವಾರ್ಷಿಕ ಸರ್ವಿಸ್ ಖರ್ಚು, ಫ್ರೀಜರ್‌ಗೆ ಬದಲಿ ಕರೆಂಟ್, ದ್ರವ ಸಾರಜನಕದ ಸರಬರಾಜು, ಜೈವಿಕ ಸುರಕ್ಷಾ ಸಮಿತಿಯ ಒಪ್ಪಿಗೆಗೆ ಹಿಡಿಯುವ ಕಾಲ. ಆ ಒಪ್ಪಿಗೆ ಇಲ್ಲದೆ ಬೇರೆ ಬೇರೆ ಮೂಲದ ಡಿಎನ್‌ಎ ಜೋಡಿಸುವ ರೀಕಾಂಬಿನೆಂಟ್ ಡಿಎನ್‌ಎ ಕೆಲಸ ಶುರು ಮಾಡುವ ಹಾಗಿಲ್ಲ. ನಾನು ಸೇರುವ ಮೊದಲೇ ಅರ್ಜಿ ಬರೆದು ಕೊಟ್ಟಿದ್ದೆ. ಆದರೂ ಬಂದದ್ದು ಮೊನ್ನೆ.

ಹಳೆಯ ಲ್ಯಾಬಿನಿಂದ ಸೆಲ್‌ಗಳು ಡ್ರೈ ಐಸ್‌ನಲ್ಲಿ ಗುರುವಾರ ಬಂದವು. ಪೆಟ್ಟಿಗೆ ತೆರೆದಾಗ ಹೊಗೆ ಎದ್ದು ಮೇಜಿನ ಅಂಚಿನಿಂದ ಕೆಳಗಿಳಿಯಿತು. ವೈಯಲ್ ಮೇಲೆ ನನ್ನದೇ ಕೈಬರಹ. ಪಕ್ಕದ ಲ್ಯಾಬಿನವರು ಒಂದು ಹಳೆಯ ಇನ್ಕ್ಯುಬೇಟರ್ ಕೊಟ್ಟಿದ್ದಾರೆ. ಒಂದು ವೈಯಲ್ ಕರಗಿಸಿ ಅದರಲ್ಲಿಟ್ಟೆ. ಇವತ್ತು ಮೀಡಿಯಾ ತೆಗೆದು ಮೈಕೊಪ್ಲಾಸ್ಮಾ ಪಿಸಿಆರ್ ಮಾಡಿದೆ. ಹೋಲಿಕೆಗೆ ಬೇಕಂತಲೇ ಮೈಕೊಪ್ಲಾಸ್ಮಾ ಡಿಎನ್‌ಎ ಹಾಕಿದ ಪಾಸಿಟಿವ್ ಕಂಟ್ರೋಲ್ ಲೇನಿನಲ್ಲಿ ಬ್ಯಾಂಡ್ ಇದೆ, ನನ್ನ ಲೇನಿನಲ್ಲಿ ಇಲ್ಲ, ಅಂದರೆ ಸೋಂಕಿಲ್ಲ. ಎಸ್‌ಟಿಆರ್‌ಗೆ ಸ್ಯಾಂಪಲ್ ಕಳಿಸಿದ್ದೇನೆ. ವರದಿ ಬರೋಕೆ ಎರಡು ವಾರ ಅಂತೆ. ಅಲ್ಲಿಯ ತನಕ ಆ ಸೆಲ್‌ಗಳು ಪಕ್ಕದವರ ಇನ್ಕ್ಯುಬೇಟರ್‌ನಲ್ಲೇ ಇರುತ್ತವೆ.